ಮನೆ ಅವಳ ಹೆಸರಿಗೆ, ಪತ್ರ ಓದೋರು ಯಾರು?

ಮಡಕಶಿರಾ, ರಾಯದುರ್ಗ ಸೀಮೆಯವರಿಗೆ ‘ಆರ್‌ಡಿಟಿ’ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಪೇನ್ ದೇಶದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು, ಪತ್ನಿ ಆನ್ ಜೊತೆಗೂಡಿ ಬೆಳೆಸಿದ ಸಂಸ್ಥೆ ಇದು. ಫೆರರ್ 2009ರಲ್ಲಿ ತೀರಿಕೊಂಡರು. ಬರದ ಜಿಲ್ಲೆಯಲ್ಲಿ ನೀರು, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ, ಅಂಗವಿಕಲರ ಸಂಘ, ಹುಡುಗ ಹುಡುಗಿಯರಿಗೆ ಕ್ರೀಡಾ ತರಬೇತಿ ಎಲ್ಲವೂ ಇದರ ಲೆಕ್ಕದಲ್ಲಿವೆ.

ಆದರೆ ನನ್ನ ಮಟ್ಟಿಗೆ ದೊಡ್ಡ ಕೆಲಸ ಬೇರೆಯೇ. ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳನ್ನು ಹೆಂಗಸರ ಹೆಸರಿಗೆ ಮಾಡಿಸಿದ್ದು. ಕುಡಿದು ಬಂದ ಗಂಡ ‘ನಡಿ ಆಚೆ’ ಅಂದರೆ, ‘ಮನೆ ನಂದು’ ಅನ್ನೋ ಧೈರ್ಯ ಅದರಿಂದ ಬರುತ್ತದೆ. ಮಹಿಳಾ ದಿನದ ನೂರು ಭಾಷಣಕ್ಕೆ ಆ ಶಕ್ತಿ ಇಲ್ಲ.

ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಇಲ್ಲೊಂದು ತೊಡಕಿದೆ. ಮನೆಮಾತು ಕನ್ನಡ, ಓದಿದ್ದರೆ ನಾಲ್ಕಾರು ಕ್ಲಾಸು ಕನ್ನಡ ಶಾಲೆ. ಸರ್ಕಾರದ ಕಾಗದ ಬರೋದು ತೆಲುಗಿನಲ್ಲಿ. ತೆಲುಗು ಮಾತಾಡ್ತಾರೆ ನಿಜ, ಓದೋಕೆ ಬರಬೇಕಲ್ಲ? ಕೊನೆಗೆ ಪತ್ರ ಹಿಡಿದು ಹೋಗೋದು ಗಂಡನ ಹತ್ತಿರವೋ ಮೈದುನನ ಹತ್ತಿರವೋ. ಅವರು ತೋರಿಸಿದ ಕಡೆ ಹೆಬ್ಬೆಟ್ಟು.

ಇದೇ ಸಂಸ್ಥೆ ಅನಂತಪುರದಲ್ಲಿ ಹಳ್ಳಿಯ ಪದವೀಧರರಿಗೆ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಕಲಿಸುವ ಶಾಲೆ ನಡೆಸಿದೆ. ಅಷ್ಟು ದೂರದ ಭಾಷೆ ತಂದವರಿಗೆ ಪಕ್ಕದ ಭಾಷೆ ಭಾರವಾಗಲಾರದು. ಗಡಿ ಹಳ್ಳಿಗಳ ಸಂಘದ ಪುಸ್ತಕ, ತರಬೇತಿ ಪಾಠ ಕನ್ನಡದಲ್ಲೂ ಇರಲಿ. ಜೊತೆಗೆ ತೆಲುಗು ಅಕ್ಷರವನ್ನೂ ಕಲಿಸಲಿ. ಎರಡು ಲಿಪಿ ಅಕ್ಕತಂಗಿಯರಂತಿವೆ, ಕಲಿಯೋದು ಕಷ್ಟವಲ್ಲ. ಕಲಿಸೋಕೆ ನಮ್ಮೂರಲ್ಲೇ ಡಿಗ್ರಿ ಮುಗಿಸಿ ಕೂತ ಹುಡುಗಿಯರಿದ್ದಾರೆ, ಕೇಳಿ ನೋಡಿ.