ಎರಡನೇ ಎಳೆತ

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನೀವೇನು ಮಾಡ್ತೀರಿ? ನಾನು ಮೊಬೈಲ್‌ನಲ್ಲಿ ಮೀನು ಹಿಡೀತೀನಿ. ನಗಬೇಡಿ, ಈ ಚಟಕ್ಕೆ 40 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಜೇವರ್ಗಿ ತಾಲೂಕಿನ ನಮ್ಮೂರು ಸೇರಿದ್ದೆ. ಹಗಲೆಲ್ಲ ಮೀಟಿಂಗ್, ಸಂಜೆ ಸ್ಟಾರ್‌ಡ್ಯೂ ವ್ಯಾಲಿ. ಒಂದಿನ ಕಟ್ಟೆ ಮೇಲೆ ಕೂತು ಆಡ್ತಿದ್ದಾಗ ಕಾಕಾ ಬಂದು ಇಣುಕಿದರು.

“ಏನ್ ಮಾಡ್ಲಕತ್ತೀಯೋ ತಮ್ಮಾ?”

“ಮೀನ ಹಿಡಿಲಕತ್ತೀನಿ ಕಾಕಾ.”

“ಮೊಬೈಲ್‌ದಾಗ? ಕೊಡಿಲ್ಲಿ, ನೋಡ್ತೀನಿ.”

ಆಳಂದದ ಕಡೆಯಿಂದ ಬರುವ ಅಮರ್ಜಾ ಅಫಜಲಪುರದ ಗಾಣಗಾಪುರದ ಹತ್ತಿರ ಭೀಮೆಗೆ ಸೇರುತ್ತೆ. ಆ ಭೀಮೆ ಮುಂದೆ ನಮ್ಮ ಕಡೆ ಹರೀತಾಳೆ. ಕಾಕಾ ಚಿಕ್ಕಂದಿನಿಂದ ಅಲ್ಲೇ ಗಾಳ ಹಾಕಿದವರು. ಆದರೆ ಆಟದಲ್ಲಿ ಒಂದು ಮೀನೂ ಬೀಳಲಿಲ್ಲ. ಪರದೆ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಬಂದ ತಕ್ಷಣ ಒತ್ತಬೇಕು. ಅವರು ಸುಮ್ಮನೆ ಕೂತಿರ್ತಿದ್ರು.

“ಒತ್ತಲಿಲ್ಲ ಯಾಕ?”

“ಮೊದಲ ಎಳತಕ್ಕ ಮೀನು ರುಚಿ ನೋಡ್ತದ. ಎರಡನೇದಕ್ಕ ಎತ್ತಬೇಕು.”

ಈ ಆಟಗಳ ಕಥೆ ನೋಡಿದರೆ ಕಾಕಾನ ಮಾತು ಇನ್ನಷ್ಟು ಅರ್ಥ ಆಗುತ್ತೆ. 1980ರಲ್ಲಿ ಡೇವಿಡ್ ಕ್ರೇನ್ ಅಟಾರಿ 2600ಕ್ಕೆ ‘ಫಿಶಿಂಗ್ ಡರ್ಬಿ’ ಮಾಡಿದರು. ಇಬ್ಬರು ಎದುರುಬದುರು ಕೂತು ಗಾಳ ಹಾಕ್ತಾರೆ, ಮಧ್ಯೆ ಶಾರ್ಕ್ ಬಂದು ಮೀನು ಕಸಿಯುತ್ತೆ. ಅಲ್ಲಿ ಕಾಯೋ ಮಾತೇ ಇಲ್ಲ, ಬರೀ ಪೈಪೋಟಿ. 1997ರಲ್ಲಿ ಸೆಗಾ ಕಂಪನಿ ‘ಬಾಸ್ ಫಿಶಿಂಗ್’ ಆಟಕ್ಕೆ ಗಾಳದ ಕೋಲಿನಂಥದ್ದೇ ಕಂಟ್ರೋಲರ್ ಕೊಟ್ಟಿತು. 1998ರ ಜೆಲ್ಡಾ ಆಟದಲ್ಲಿ ಲೋಕ ಉಳಿಸಬೇಕಾದ ನಾಯಕನಿಗೇ ಗಾಳ ಹಾಕೋಕೆ ಒಂದು ಕೊಳ ಇತ್ತು. 2016ರ ಸ್ಟಾರ್‌ಡ್ಯೂ ವ್ಯಾಲಿಯನ್ನ ಎರಿಕ್ ಬ್ಯಾರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದರು.

ಕೋಡ್ ಬರೆಯೋನಾಗಿ ಹೇಳ್ತೀನಿ, ಇದರ ತಿರುಳು ಬಹಳ ಸರಳ. ಎಷ್ಟು ಸೆಕೆಂಡ್ ಅಂತ ಮೊದಲೇ ಗೊತ್ತಾಗದ ಒಂದು ಕಾಯುವಿಕೆ, ಆಮೇಲೆ ಕ್ಷಣಮಾತ್ರದ ಅವಕಾಶ. ಆದರೂ ಆ ಕಾಯುವಿಕೆ ಖಂಡಿತ ಮುಗಿಯುತ್ತೆ. ಡೆಡ್‌ಲೈನ್ ಮಧ್ಯೆ ಬದುಕೋ ನಮಗೆ ಅಷ್ಟು ಖಾತ್ರಿಯೇ ದೊಡ್ಡ ಸಮಾಧಾನ.

“ನಾಳೆ ಹೊಳಿಗಿ ನಡಿ” ಅಂದ್ರು ಕಾಕಾ. ಸೆಪ್ಟೆಂಬರ್‌ನ ಭಾನುವಾರ, ಹೊಳೆ ತುಂಬಾ ನೀರು. ಗಾಳಕ್ಕೆ ಎರೆಹುಳ ಸಿಗಿಸಿ, ದಾರಕ್ಕೆ ಜೋಳದ ದಂಟಿನ ಬೆಂಡು ಕಟ್ಟಿ ಕೂತೆವು. ಎರಡು ತಾಸು ಬೆಂಡು ಅಲುಗಲಿಲ್ಲ. ಮೊಬೈಲ್ ತೆಗೆದರೆ ನೆಟ್‌ವರ್ಕ್ ಇಲ್ಲ.

ಆಗ ನನಗೇ ಗೊತ್ತಿಲ್ಲದಂತೆ ಬಾಯಿಬಿಟ್ಟೆ. ಕಂಪನಿಯಲ್ಲಿ ಜನರನ್ನ ತೆಗೀತಿದ್ರು, ನನ್ನ ಟೀಮ್‌ನಲ್ಲೇ ನಾಲ್ಕು ಜನ ಹೋಗಿದ್ರು. ಎರಡು ತಿಂಗಳಿಂದ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಕಾ ಬೆಂಡಿನಿಂದ ಕಣ್ಣು ಕೀಳದೆ ಪೂರಾ ಕೇಳಿದರು.

“ಹೋದ್ರ ಹೋಗ್ಲಿ. ಹೊಲ ಅದ, ನಾವ್ ಅದೀವಿ. ನಿಮ್ಮಪ್ಪಗ ನಾ ಹೇಳ್ಲೇನು?”

“ಬ್ಯಾಡ, ನಾನೇ ಹೇಳ್ತೀನಿ.”

ಆ ದಿನ ಬರಿಗೈಲಿ ಮನೆಗೆ ಬಂದೆವು. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಹೇಳಿದೆ. ಕೆಲಸವೇನೋ ಉಳೀತು. ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಬಂದಳು, ನಾವು ಕೂತಿದ್ದ ಕಲ್ಲು ಮುಳುಗಿತು.

ಈಗ ಕಾಕಾನಿಗೆ ಮೊಣಕಾಲು ನೋವು, ಹೊಳೆಗೆ ಇಳಿಯೋಕಾಗಲ್ಲ. ಹೋದ ದೀಪಾವಳಿಗೆ ನನ್ನ ನಿಂಟೆಂಡೊ ಸ್ವಿಚ್ ತಗೊಂಡು ಹೋಗಿ, 2020ರಲ್ಲಿ ಬಂದ ‘ಆ್ಯನಿಮಲ್ ಕ್ರಾಸಿಂಗ್’ ಹಾಕಿಕೊಟ್ಟೆ. ಅದರಲ್ಲಿ ಮೀನು ಮೊದಲು ಸುಮ್ಮನೆ ಮುಟ್ಟಿ ನೋಡಬಹುದು, ಆಗಲೇ ಎಳೆದರೆ ಓಡಿಹೋಗುತ್ತೆ. ಬೆಂಡು ಪೂರ್ತಿ ಮುಳುಗಿದಾಗ ಒತ್ತಬೇಕು. ನಾನಿದನ್ನ ಅವರಿಗೆ ಹೇಳಲೇ ಇಲ್ಲ.

ಬೆಂಡು ಅಲುಗಿತು. ಕಾಕಾ ಸುಮ್ಮನಿದ್ರು. ಮತ್ತೆ ಬಂದ ಮೀನು ಬೆಂಡನ್ನ ಮುಳುಗಿಸಿತು, ಆಗ ಒತ್ತಿದರು.

“ಇದನ್ನ ಮಾಡಿದಂವಗ ಹೊಳಿ ಗೊತ್ತದ ನೋಡು” ಅಂದ್ರು. ಮತ್ತೆ ಸ್ವಿಚ್ ನನ್ನ ಕೈಗೆ ಬಂದಿದ್ದು ಊಟಕ್ಕೆ ಕರೆದಾಗಲೇ.