ಯಂತ್ರದ ಉಸಿರಿಗೂ ಒಂದು ಅಳತೆ ಬೇಕು

"ಮಗಳೇ, ಡಾಕ್ಟರ್ ಕೇಳಿದರೆ ನನಗೆ ದಮ್ಮು ಇದೆಯೆಂದು ಹೇಳಬೇಡ. ಹೇಳಿದರೆ ಆಪರೇಷನ್ ಬೇಡ ಎನ್ನುತ್ತಾರೆ, ಇಲ್ಲವೇ ವೆಂಟಿಲೇಟರಿಗೆ ಹಾಕಿಬಿಡುತ್ತಾರೆ."

ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದ ನನ್ನ ಅತ್ತೆ ನನ್ನ ಕೈ ಹಿಡಿದು ಹೀಗೆ ಹೇಳಿದಾಗ ಏನು ಉತ್ತರಿಸಬೇಕೆಂದು ತೋಚಲಿಲ್ಲ. ಸೌದೆ ಒಲೆಯ ಹೊಗೆಯಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ಬಿಡುವಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಚಳಿಗಾಲ ಬಂದರೆ ಅವರ ಎದೆ ಸುಂಯ್‌ಗುಡುವುದು ಮನೆಯವರಿಗೆಲ್ಲ ಗೊತ್ತು. 2020-21ರ ಕೊರೋನಾ ದಿನಗಳಲ್ಲಿ ನಮ್ಮ ನೆರೆಯ ಇಬ್ಬರು ವೆಂಟಿಲೇಟರಿಗೆ ಹೋಗಿ ಮರಳಿ ಬರಲಿಲ್ಲ. ಅಂದಿನಿಂದ ಆ ಹೆಸರು ಕೇಳಿದರೇ ಅತ್ತೆಗೆ ನಡುಕ.

ಸಂಜೆ ಅರಿವಳಿಕೆ ನೀಡುವ ಲೇಡಿ ಡಾಕ್ಟರ್ ಬಂದರು. ನಾನು ಧೈರ್ಯ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅತ್ತೆ ಮುಖ ಆ ಕಡೆ ತಿರುಗಿಸಿದರು. ಡಾಕ್ಟರ್ ಸಿಟ್ಟಾಗಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು" ಎಂದು ಎದೆ ಪರೀಕ್ಷಿಸಿ, ಇನ್‌ಹೇಲರ್ ಬರೆದುಕೊಟ್ಟು, ನರ್ಸನ್ನು ಕರೆದು ಅತ್ತೆಯ ಎತ್ತರ ಅಳೆಯಲು ಹೇಳಿದರು. "ತೂಕ ಆಗಲೇ ನೋಡಿದ್ದಾರಲ್ಲ, ಎತ್ತರ ಯಾಕೆ?" ಎಂದು ಕೇಳಿದೆ. ಅವರು ನಕ್ಕು, "ಮನುಷ್ಯ ದಪ್ಪಗಾದರೆ ಹೊಟ್ಟೆ ದೊಡ್ಡದಾಗುತ್ತದೆ, ಶ್ವಾಸಕೋಶ ದೊಡ್ಡದಾಗುವುದಿಲ್ಲ" ಎಂದರು.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ನನ್ನ ಅತ್ತೆಯ ಹಾಗೆ ಭಯದಿಂದ ಕಾಯಿಲೆ ಮುಚ್ಚಿಡುವ ತಾಯಂದಿರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಕಾಯಿಲೆಯಿಂದ ಶ್ವಾಸಕೋಶವೇ ಸೋತು ಹೋದಾಗ ಐಸಿಯುನಲ್ಲಿ ಹಾಕುವ ವೆಂಟಿಲೇಟರ್ ಬೇರೆ ಮಾತು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಉಸಿರು ಕೊಡುವ ಯಂತ್ರ ಬೇರೆ ಮಾತು. ಪೂರ್ತಿ ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಿಸುವ ಔಷಧಿ ನೀಡಿದಾಗ ರೋಗಿಯ ಸ್ವಂತ ಉಸಿರಾಟ ನಿಲ್ಲುತ್ತದೆ. ಆ ಒಂದೆರಡು ಗಂಟೆ ಯಂತ್ರ ಅವರ ಪರವಾಗಿ ಉಸಿರಾಡುತ್ತದೆ. ಹೆಚ್ಚಿನವರಿಗೆ ಎಚ್ಚರವಾಗುತ್ತಿದ್ದಂತೆ ಆಪರೇಷನ್ ಕೋಣೆಯಲ್ಲೇ ಕೊಳವೆ ತೆಗೆಯುತ್ತಾರೆ. ಸಿಸೇರಿಯನ್ ಹೆರಿಗೆಯಂತಹ ಅನೇಕ ಸಂದರ್ಭಗಳಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸಾಕು, ಯಂತ್ರದ ಅಗತ್ಯವೇ ಬರುವುದಿಲ್ಲ.

ಹಾಗಾದರೆ ಯಂತ್ರದ ಉಸಿರಿಗೂ ನಮ್ಮ ಉಸಿರಿಗೂ ಏನು ವ್ಯತ್ಯಾಸ? ನಾವು ಉಸಿರೆಳೆದುಕೊಳ್ಳುವಾಗ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಎದೆ ಅರಳುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಯಂತ್ರ ಹಾಗಲ್ಲ, ಗಾಳಿಯನ್ನು ಹೊರಗಿನಿಂದ ಒಳಕ್ಕೆ ತಳ್ಳುತ್ತದೆ. ಊದುಗೊಳವೆಯಿಂದ ಒಲೆ ಊದಿದವರಿಗೆ ಇದು ಬೇಗ ಅರ್ಥವಾದೀತು. ಹದವಾಗಿ ಊದಿದರೆ ಬೆಂಕಿ ಹತ್ತುತ್ತದೆ, ಜೋರಾಗಿ ಊದಿದರೆ ಬೂದಿಯೆಲ್ಲ ಹಾರುತ್ತದೆ.

ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಪುಟ್ಟ ಗಾಳಿಗೂಡುಗಳಿವೆ. ಯಂತ್ರದ ಉಸಿರಿನಿಂದ ಅವಕ್ಕೆ ಎರಡು ಬಗೆಯ ಅಪಾಯವಿದೆ. ಒಂದು, ಗಾಳಿ ಅತಿಯಾಗಿ ನುಗ್ಗಿ ಗೂಡುಗಳು ಹಿಗ್ಗಿ ಗಾಸಿಗೊಳ್ಳುವುದು. ಎರಡನೆಯದು ಅದಕ್ಕೆ ವಿರುದ್ಧ. ಅರಿವಳಿಕೆಯಲ್ಲಿ ಮಲಗಿದಾಗ ವಪೆ ಮೇಲಕ್ಕೆ ಸರಿದು ಶ್ವಾಸಕೋಶದ ಹಿಂಭಾಗದ ಗೂಡುಗಳು ಮುಚ್ಚಿಕೊಳ್ಳುತ್ತವೆ. ಪೂರ್ತಿ ಅರಿವಳಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಇದು ಸ್ವಲ್ಪವಾದರೂ ಆಗುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಗಾಳಿ ತುಂಬಿಸುವುದರಿಂದ, ದಪ್ಪಗಿರುವವರಲ್ಲಿ ಹೊಟ್ಟೆಯ ಭಾರದಿಂದ ಇದು ಇನ್ನಷ್ಟು ಹೆಚ್ಚು.

ಬಲೂನನ್ನು ನೆನಪಿಸಿಕೊಳ್ಳಿ. ಪೂರ್ತಿ ಮುದುಡಿದ ಬಲೂನನ್ನು ಊದಲು ಕೆನ್ನೆ ನೋಯುತ್ತದೆ. ಒಳಗೆ ಸ್ವಲ್ಪ ಗಾಳಿ ಉಳಿದಿದ್ದರೆ ಸುಲಭವಾಗಿ ಉಬ್ಬುತ್ತದೆ. ಅದೇ ರೀತಿ ಉಸಿರು ಹೊರಹೋದ ಮೇಲೂ ಗೂಡುಗಳು ಪೂರ್ತಿ ಮುಚ್ಚದಂತೆ ಯಂತ್ರ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುವಂತೆ ಮಾಡಬಹುದು. ಇದಕ್ಕೆ ವೈದ್ಯರು 'ಪೀಪ್' ಎನ್ನುತ್ತಾರೆ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ ನೂರಾರು ಮಂದಿ ಉಸಿರಾಡಲಾಗದೆ ಒದ್ದಾಡುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಒಬ್ಬ ಬಾಲಕಿಯ ಗಂಟಲಿನಲ್ಲಿ ಕೊಳವೆ ಇರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಬಳಿಕ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿ ರೋಗಿಗಳನ್ನು ಬದುಕಿಸಿದರು. ಗಾಳಿಯನ್ನು ಒಳಕ್ಕೆ ತಳ್ಳಿ ಜೀವ ಉಳಿಸಬಹುದೆಂದು ಜಗತ್ತಿಗೆ ಮನವರಿಕೆಯಾದದ್ದು ಆಗ.

1963ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಶಸ್ತ್ರಚಿಕಿತ್ಸೆಯ ವೇಳೆ ಸಣ್ಣ ಉಸಿರನ್ನೇ ಒಂದೇ ಸಮನೆ ಕೊಡುತ್ತಿದ್ದರೆ ಗಾಳಿಗೂಡುಗಳು ಮುಚ್ಚಿ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆಂದು ಬರೆದರು. ಹಾಗಾದರೆ ದೊಡ್ಡ ಉಸಿರೇ ಒಳ್ಳೆಯದೆಂಬ ರೂಢಿ ಹಲವು ದಶಕ ನಡೆಯಿತು. ಅದು ಎಷ್ಟು ಅಪಾಯಕಾರಿಯಾಗಬಹುದೆಂದು ತೋರಿಸಿದ್ದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡಿದ್ದ 861 ರೋಗಿಗಳಲ್ಲಿ ದೊಡ್ಡ ಉಸಿರು ಪಡೆದವರ ಪೈಕಿ ಸುಮಾರು ಶೇ. 40 ಮಂದಿ ತೀರಿಕೊಂಡರೆ, ಅದರ ಅರ್ಧದಷ್ಟು ಉಸಿರು ಪಡೆದವರಲ್ಲಿ ಅದು ಶೇ. 31ಕ್ಕೆ ಇಳಿಯಿತು.

ಆರೋಗ್ಯವಂತ ಶ್ವಾಸಕೋಶದವರ ಶಸ್ತ್ರಚಿಕಿತ್ಸೆಗೂ ಇದು ಅನ್ವಯಿಸುತ್ತದೆಯೇ? 2013ರಲ್ಲಿ ಫ್ರಾನ್ಸಿನಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೊಳಗಾದ 400 ಮಂದಿಯ ಅಧ್ಯಯನ ಪ್ರಕಟವಾಯಿತು. ಹಳೆಯ ಕ್ರಮದಂತೆ ಪೀಪ್ ಇಲ್ಲದೆ ದೊಡ್ಡ ಉಸಿರು ಪಡೆದ 200 ಮಂದಿಯಲ್ಲಿ 55 ಮಂದಿಗೆ ಒಂದು ವಾರದೊಳಗೆ ಗಂಭೀರ ತೊಡಕುಗಳಾದವು. ಸಣ್ಣ ಉಸಿರು, ಮಿತವಾದ ಪೀಪ್, ಆಗಾಗ ಗೂಡುಗಳನ್ನು ತೆರೆಸುವ ದೀರ್ಘ ಉಸಿರು ಪಡೆದ 200 ಮಂದಿಯಲ್ಲಿ 21 ಮಂದಿಗೆ ಮಾತ್ರ.

ಹಾಗೆಂದು ಪೀಪ್ ಹೆಚ್ಚಿಸುತ್ತಾ ಹೋದರೆ ಲಾಭವೂ ಹೆಚ್ಚೀತೇ? ಇಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಪೀಪ್ ತುಂಬಾ ಏರಿಸಿದವರಿಗೆ ಶ್ವಾಸಕೋಶದ ತೊಡಕು ಕಡಿಮೆಯಾಗಲಿಲ್ಲ, ಬದಲಿಗೆ ರಕ್ತದೊತ್ತಡ ಕುಸಿಯಿತು. ಎಲ್ಲರಿಗೂ ಒಂದೇ ಪೀಪ್ ಇರಿಸಿ ಉಸಿರಿನ ಗಾತ್ರವನ್ನಷ್ಟೇ ಬದಲಿಸಿದ ಆಸ್ಟ್ರೇಲಿಯಾದ 2020ರ ಅಧ್ಯಯನದಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಡುಗೆಯಲ್ಲಿ ಉಪ್ಪೊಂದನ್ನೇ ಸರಿಮಾಡಿದರೆ ರುಚಿ ಬರುವುದಿಲ್ಲ. ಇಲ್ಲಿಯೂ ಎಲ್ಲವೂ ಹದವಾಗಿರಬೇಕು, ರೋಗಿಗೆ ತಕ್ಕಂತಿರಬೇಕು.

ಈಗ ಎತ್ತರ ಅಳೆದದ್ದೇಕೆಂದು ಹೇಳುತ್ತೇನೆ. ಇಂದು ಸಾಮಾನ್ಯವಾಗಿ ಕಿಲೋ ಒಂದಕ್ಕೆ 6ರಿಂದ 8 ಮಿಲಿಲೀಟರ್ ಲೆಕ್ಕದಲ್ಲಿ ಒಂದು ಉಸಿರನ್ನು ನಿಗದಿ ಮಾಡುತ್ತಾರೆ. ಆ ಕಿಲೋ ತಕ್ಕಡಿಯ ಕಿಲೋ ಅಲ್ಲ, ಎತ್ತರ ಮತ್ತು ಹೆಣ್ಣೋ ಗಂಡೋ ಎಂಬುದರಿಂದ ಲೆಕ್ಕ ಹಾಕಿದ ಕಿಲೋ. ಐದು ಅಡಿ ಎತ್ತರದ ಹೆಣ್ಣಿಗೆ ಅದು ಸುಮಾರು 45. ಅವರ ನಿಜವಾದ ತೂಕ 75 ಇದ್ದರೂ ಒಂದು ಉಸಿರಿಗೆ 270ರಿಂದ 360 ಮಿಲಿಲೀಟರ್ ಸಾಕು. ತಕ್ಕಡಿಯ ತೂಕಕ್ಕೆ ಹಳೆಯ ಲೆಕ್ಕದಂತೆ ಕಿಲೋಗೆ 10 ಕೊಟ್ಟರೆ ಅದು 750 ಆಗುತ್ತದೆ, ಎರಡು ಪಟ್ಟಿಗಿಂತ ಹೆಚ್ಚು! ಕುಳ್ಳಗೆ ದಪ್ಪಗಿರುವ ಹೆಂಗಸರಿಗೇ ಹೀಗೆ ಅತಿಯಾದ ಉಸಿರು ಹೋಗುವ ಸಂಭವ ಹೆಚ್ಚು.

ಯಂತ್ರದ ಅಳತೆ ವೈದ್ಯರ ಕೆಲಸ. ಆದರೆ ಸಹೋದರಿಯರೇ, ನಮ್ಮ ಪಾಲಿನ ಕೆಲಸವೂ ಇದೆ. ದಮ್ಮು, ಹಳೆಯ ಕ್ಷಯ, ಜೋರು ಗೊರಕೆ, ಈಗಿರುವ ಕೆಮ್ಮು-ಕಫ, ಒಲೆಯ ಹೊಗೆ, ತಂಬಾಕಿನ ಧೂಳು ಯಾವುದನ್ನೂ ಅರಿವಳಿಕೆ ವೈದ್ಯರಿಂದ ಮುಚ್ಚಿಡಬೇಡಿ. ಇನ್‌ಹೇಲರ್ ಬಳಸುವವರು ಅದನ್ನು ಆಸ್ಪತ್ರೆಗೆ ಒಯ್ಯಲು ಮರೆಯಬೇಡಿ. ಹೊಟ್ಟೆ ಖಾಲಿ ಇರಲಿ ಎಂದು ಹೇಳಿದರೆ 'ಒಂದು ಬಿಸ್ಕತ್ತು ತಾನೇ' ಎಂದು ಕದ್ದು ತಿನ್ನಿಸಬೇಡಿ. ಅರಿವಳಿಕೆಯಲ್ಲಿ ಅದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಮನೆಯ ಗಂಡಸರಿಗೆ ಆಪರೇಷನ್ ಇದ್ದರೆ ಬೀಡಿ-ಸಿಗರೇಟನ್ನು ಎಷ್ಟು ವಾರ ಮೊದಲು ಬಿಡಿಸುತ್ತೀರೋ ಅಷ್ಟು ಒಳ್ಳೆಯದು.

ಶಸ್ತ್ರಚಿಕಿತ್ಸೆಯ ನಂತರ ಮುಚ್ಚಿದ ಗೂಡುಗಳನ್ನು ತೆರೆಸಬೇಕಾದವರು ರೋಗಿಯೇ. ದೀರ್ಘ ಉಸಿರಾಟ, ಕೆಮ್ಮಿ ಕಫ ತೆಗೆಯುವುದು, ಬೇಗ ಎದ್ದು ನಡೆಯುವುದು ಇದಕ್ಕೆ ದಾರಿ. ಆಪರೇಷನ್ನಿಗೆ ಮುಂಚೆ ಅರ್ಧ ಗಂಟೆ ಕೂರಿಸಿ ಇದನ್ನು ಕಲಿಸಿದರೆ ಶ್ವಾಸಕೋಶದ ತೊಡಕು ಶೇ. 27ರಿಂದ 12ಕ್ಕೆ ಇಳಿಯಿತೆಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಹೊಟ್ಟೆಯ ಮೇಲ್ಭಾಗದ ದೊಡ್ಡ ಶಸ್ತ್ರಚಿಕಿತ್ಸೆಯವರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಇದಕ್ಕೆ ಯಾವ ದುಬಾರಿ ಯಂತ್ರವೂ ಬೇಡ. 'ಪಾಪ, ನೋವಿದೆ, ಮಲಗಿರಲಿ' ಎಂಬ ನಮ್ಮ ಕನಿಕರವೇ ಕೆಲವೊಮ್ಮೆ ರೋಗಿಗೆ ಕೇಡು ಮಾಡುತ್ತದೆ.

ಮರುದಿನ ಬೆಳಿಗ್ಗೆ ಅತ್ತೆ ಹೊಟ್ಟೆಗೆ ದಿಂಬು ಒತ್ತಿಕೊಂಡು, ನೋವಿಗೆ ಮುಖ ಕಿವುಚುತ್ತಾ, ನರ್ಸ್ ಹೇಳಿದಂತೆ ಉಸಿರೆಳೆದು ಕೆಮ್ಮುತ್ತಿದ್ದರು. ನನ್ನನ್ನು ನೋಡಿ, "ನೀನು ಹೇಳಿಬಿಟ್ಟೆಯಲ್ಲ" ಎಂದರು. ಕೋಪವೇನೋ ಎಂದು ನಾನು ಅಂಜಿದೆ. "ಆ ಡಾಕ್ಟರ್ ಬೆಳಿಗ್ಗೆಯೇ ಬಂದು ಎದೆ ನೋಡಿ ಹೋದಳು. ಹೇಳದಿದ್ದರೆ ಅವಳಿಗೆ ಹೇಗೆ ಗೊತ್ತಾಗುತ್ತಿತ್ತು?" ಎಂದು ತಾವೇ ಮಾತು ಮುಗಿಸಿದರು.

ಈಗ ನೆರೆಮನೆಯಲ್ಲಿ ಯಾರಾದರೂ ಆಪರೇಷನ್ನಿಗೆ ಹೊರಟರೆ ಅತ್ತೆ ಮೊದಲು ಹೇಳುವ ಮಾತು ಇಷ್ಟೇ: "ಡಾಕ್ಟರ ಹತ್ತಿರ ಏನೂ ಮುಚ್ಚಿಡಬೇಡ."