ಹಿರಿಯರ ಹೆಸರಿನಲ್ಲೊಂದು ವಿದ್ಯಾರ್ಥಿವೇತನ

ಮನೆಯ ಹಿರಿಯರು ಅಗಲಿದಾಗ ಹುಬ್ಬಳ್ಳಿ-ಧಾರವಾಡದ ಅನುಕೂಲಸ್ಥ ಮುಸ್ಲಿಮ್ ಕುಟುಂಬಗಳು ನಲವತ್ತನೆಯ ದಿನದ ಊಟಕ್ಕೆ ಧಾರಾಳವಾಗಿ ಖರ್ಚು ಮಾಡುತ್ತವೆ. ಅದೇ ಹಿರಿಯರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿವೇತನವೊಂದನ್ನು ಸ್ಥಾಪಿಸೋಣವೆಂದರೆ ಮಾತ್ರ ಮೌನ. ಸದಖತುಲ್ ಜಾರಿಯವನ್ನು ನಾವು ಮಸೀದಿಯ ಫ್ಯಾನು, ಗಡಿಯಾರಗಳಿಗೆ ಸೀಮಿತಗೊಳಿಸಿಬಿಟ್ಟಿದ್ದೇವೆ.

ನೆರೆಯ ಸಮುದಾಯದತ್ತ ನೋಡೋಣ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿಯ ದೇಸಾಯಿ ಲಿಂಗರಾಜರು, ತಮ್ಮ ಆಸ್ತಿಯನ್ನು ಸಮುದಾಯದ ಮಕ್ಕಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ನಿಧನರಾದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದೇ 1917ರಲ್ಲಿ. ಅಷ್ಟು ಮೊದಲೇ ಅವರಿಗೆ ಈ ಯೋಚನೆ ಬಂದಿತ್ತು. ನವಲಗುಂದ-ಶಿರಸಂಗಿ ಟ್ರಸ್ಟ್ ಮುಂದೆ ಅನೇಕ ಬಡ ವಿದ್ಯಾರ್ಥಿಗಳನ್ನು ಓದಿಸಿತು. ದೇಸಗತಿ ಅಳಿದರೂ ದೇಸಾಯರ ಹೆಸರು ಅಳಿಯಲಿಲ್ಲ.

ಠೇವಣಿಯ ಬಡ್ಡಿ ನಮಗೆ ಸಲ್ಲದು, ನಿಜ. ಆದರೆ ವಾರಸುದಾರರೆಲ್ಲ ಒಪ್ಪಿ ಒಂದು ಅಂಗಡಿಯನ್ನು ವಕ್ಫ್ ಮಾಡಿದರೆ ಅದರ ಬಾಡಿಗೆಯಿಂದಲೇ ವರ್ಷಕ್ಕೆ ಇಬ್ಬರು ಮೂವರ ಶುಲ್ಕ ತುಂಬಬಹುದು. ಆಯ್ಕೆಯನ್ನು ಮಾತ್ರ ಕುಟುಂಬದವರು ಕೈಯಲ್ಲಿಟ್ಟುಕೊಳ್ಳದೆ ಅಧ್ಯಾಪಕರಿಗೆ ಬಿಡಲಿ. ಹಣವು ಪ್ರವೇಶದ ವೇಳೆಗೇ ಕೈಸೇರಬೇಕು. ಶುಲ್ಕದ ಕೊನೆಯ ದಿನ ಕಳೆದು, ಹುಡುಗಿ ಕಾಲೇಜು ಬಿಟ್ಟು ಹೊಲಿಗೆಯಂತ್ರದ ಮುಂದೆ ಕುಳಿತ ಮೇಲೆ ಶಾಲು ಹೊದಿಸಿ ಚೆಕ್ ವಿತರಿಸುವ ಸಮಾರಂಭ ಯಾರಿಗಾಗಿ?